ಮೂವತ್ತನಾಲ್ಕಕ್ಕೆ ಒಂಬತ್ತು: ಹಳೆಯ ಕಾರಿನ ಹಿಂದಿನ ಹಲ್ಲುಗಳ ಲೆಕ್ಕ

ಉಗಿ ಎಂಜಿನ್ನುಗಳ ಕಾಲದಲ್ಲಿ ಬಂಗಾರಪೇಟೆ ರೈಲು ನಿಲ್ದಾಣಕ್ಕೆ ಹೋದವರಿಗೆ ಎರಡು ಅಳತೆಯ ಗಾಲಿಗಳು ಕಣ್ಣಿಗೆ ಬೀಳುತ್ತಿದ್ದವು. ಮದ್ರಾಸು-ಬೆಂಗಳೂರು ಮಾರ್ಗದ ಬ್ರಾಡ್‌ಗೇಜ್ ಹಳಿಯ ಮೇಲೆ ದೊಡ್ಡ ಗಾಲಿಗಳ ಎಂಜಿನ್ನು; ಆಚೆ ಬದಿಯಲ್ಲಿ, 1913ರಲ್ಲಿ ಕೋಲಾರದವರೆಗೆ ಹಾಕಿದ ಎರಡೂವರೆ ಅಡಿ ಅಗಲದ ಪುಟ್ಟ ಹಳಿಯ ಮೇಲೆ ಸಣ್ಣ ಗಾಲಿಗಳ ಎಂಜಿನ್ನು. ಪ್ಲಾಟ್‌ಫಾರಂ ಮೇಲೆ ನಿಂತವರಿಗೆ ಇದು ದೊಡ್ಡಣ್ಣ-ಚಿಕ್ಕತಮ್ಮನ ವ್ಯತ್ಯಾಸದಂತೆ ತೋರುತ್ತಿತ್ತು. ಆದರೆ ಗಾಲಿಯ ಗಾತ್ರದಲ್ಲಿ ಒಂದು ಲೆಕ್ಕ ಅಡಗಿತ್ತು. ಅದೇ ಲೆಕ್ಕ ಹಳೆಯ ಕಾರುಗಳ ಹಿಂದಿನ ಆಕ್ಸಲ್‌ನಲ್ಲಿಯೂ ಇದೆ. ಅದನ್ನು ತಿಳಿಯದೆ ಕೈಹಾಕಿ ಕಾರು ಕೆಡಿಸಿಕೊಂಡವರೂ ಇದ್ದಾರೆ.

ಉಗಿ ಎಂಜಿನ್ನಿಗೆ ಗೇರ್ ಪೆಟ್ಟಿಗೆ ಇರುವುದಿಲ್ಲ. ಪಿಸ್ಟನ್ ಒಮ್ಮೆ ಹೋಗಿಬಂದರೆ ಗಾಲಿ ಒಂದು ಸುತ್ತು ತಿರುಗುತ್ತದೆ. ಗಾಲಿ ದೊಡ್ಡದಿದ್ದರೆ ಒಂದು ಸುತ್ತಿಗೆ ಹೆಚ್ಚು ದೂರ, ಅಂದರೆ ವೇಗ. ಚಿಕ್ಕದಿದ್ದರೆ ಕಡಿಮೆ ದೂರ, ಆದರೆ ಹೆಚ್ಚು ಎಳೆತ. ಭಾರತೀಯ ರೈಲ್ವೆಯ ಡಬ್ಲ್ಯೂಪಿ ಎಂಬ ಪ್ರಯಾಣಿಕ ರೈಲಿನ ಎಂಜಿನ್ನಿಗೆ 5 ಅಡಿ 7 ಅಂಗುಲ ವ್ಯಾಸದ ಚಾಲಕ ಗಾಲಿಗಳಿದ್ದವು. ಡಬ್ಲ್ಯೂಜಿ ಎಂಬ ಗೂಡ್ಸ್ ಎಂಜಿನ್ನಿಗೆ 5 ಅಡಿ ಒಂದೂವರೆ ಅಂಗುಲದವು. ಒಂದು ಓಡಲು, ಇನ್ನೊಂದು ಹೊರಲು. ಕಾರ್ಖಾನೆಯಲ್ಲಿ ಗಾಲಿ ಕೂಡಿಸಿದ ದಿನವೇ ಎಂಜಿನ್ನಿನ ಬಾಳು ಏನೆಂಬುದು ತೀರ್ಮಾನವಾಗುತ್ತಿತ್ತು.

ಬಂಗಾರಪೇಟೆಯಿಂದ ಹದಿನಾರು ಕಿಲೋಮೀಟರು ಹಳಿ ಹಿಡಿದು ಮಾರಿಕುಪ್ಪಂ ಕಡೆ ಹೋದರೆ ಕೋಲಾರದ ಚಿನ್ನದ ಗಣಿಗಳು. ಅಲ್ಲಿಯೂ ಇದೇ ಪ್ರಶ್ನೆ ಬೇರೆ ರೂಪದಲ್ಲಿತ್ತು. ಚಾಂಪಿಯನ್ ರೀಫ್ ಗಣಿ ನೆಲದಿಂದ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಂಥ ಆಳದಿಂದ ಅದಿರನ್ನೂ ಮನುಷ್ಯರನ್ನೂ ಮೇಲೆತ್ತುವ ಉಕ್ಕಿನ ಹಗ್ಗ ಒಂದು ದೊಡ್ಡ ಉರುಳೆಗೆ ಸುತ್ತಿಕೊಳ್ಳುತ್ತದೆ. ಉರುಳೆ ದಪ್ಪಗಿದ್ದರೆ ಪ್ರತಿ ಸುತ್ತಿಗೆ ಹೆಚ್ಚು ಹಗ್ಗ ಬರುತ್ತದೆ, ಮೋಟಾರು ತಿಣುಕುತ್ತದೆ. ತೆಳ್ಳಗಿದ್ದರೆ ಮೋಟಾರಿಗೆ ಸುಲಭ, ಆದರೆ ಪಾಳಿ ಮುಗಿಸಿ ಮೇಲೆ ಬರುವವರು ಕಾಯಬೇಕು. ಲೋಕದ ಕೆಲವು ಆಳದ ಗಣಿಗಳಲ್ಲಿ ಉರುಳೆಯನ್ನೇ ಶಂಕುವಿನ ಆಕಾರದಲ್ಲಿ ಮಾಡುತ್ತಿದ್ದರು. ಹಗ್ಗವೆಲ್ಲ ಕೆಳಗೆ ತೂಗುತ್ತಿರುವಾಗ, ಅಂದರೆ ಭಾರ ಅತಿ ಹೆಚ್ಚಿರುವಾಗ, ತೆಳ್ಳನೆಯ ತುದಿ. ಭಾರ ಇಳಿದಂತೆ ದಪ್ಪನೆಯ ಭಾಗ. ಗೇರ್ ಬದಲಿಸುವ ಕೆಲಸವನ್ನು ಉರುಳೆಯ ಆಕಾರವೇ ಮಾಡಿಕೊಡುತ್ತಿತ್ತು.

ಕಾರಿನ ವಿಷಯಕ್ಕೆ ಬರೋಣ. ಪೆಟ್ರೋಲ್ ಎಂಜಿನ್ನಿನ ದೌರ್ಬಲ್ಯವೆಂದರೆ ಅದು ನಿಂತ ನೆಲೆಯಿಂದ ಎಳೆಯಲಾರದು. ನಿಮಿಷಕ್ಕೆ ನೂರಾರು ಸುತ್ತು ತಿರುಗುತ್ತಿದ್ದರೆ ಮಾತ್ರ ಅದಕ್ಕೆ ಕಸುವು. ಗಾಲಿ ಅಷ್ಟು ಬೇಗ ತಿರುಗುವಂತಿಲ್ಲ. ಆದ್ದರಿಂದ ಎಂಜಿನ್ನಿನ ಸುತ್ತುಗಳನ್ನು ಎರಡು ಕಡೆ ತಗ್ಗಿಸುತ್ತಾರೆ. ಮೊದಲನೆಯದು ಗೇರ್ ಪೆಟ್ಟಿಗೆ. ಅದು ಚಾಲಕನ ಕೈಯಲ್ಲಿದೆ, ಏರು ಬಂದರೆ ಬದಲಿಸಬಹುದು. ಎರಡನೆಯದು ಹಿಂದಿನ ಆಕ್ಸಲ್‌ನ ನಡುವೆ ಇರುವ, ಹಲಸಿನಕಾಯಿಯಂಥ ಗುಂಡು ಡಬ್ಬಿಯೊಳಗಿನ ಎರಡು ಚಕ್ರಗಳು. ಚಿಕ್ಕದು ಪಿನಿಯನ್, ದೊಡ್ಡದು ಕ್ರೌನ್ ವೀಲ್. ಗ್ಯಾರೇಜಿನವರ ಬಾಯಲ್ಲಿ ಅವು ಯಾವಾಗಲೂ ಗಂಡಹೆಂಡಿರಂತೆ ಜೊತೆಗೇ ಬರುತ್ತವೆ: ಕ್ರೌನ್-ಪಿನಿಯನ್. ಚಲಿಸುವ ಕಾರಿನಲ್ಲಿ ಈ ಅನುಪಾತವನ್ನು ಬದಲಿಸಲು ಬಾರದು. ಅದು ಉಗಿ ಎಂಜಿನ್ನಿನ ಗಾಲಿಯಂತೆ, ಕಾರ್ಖಾನೆಯಲ್ಲೇ ಬರೆದಿಟ್ಟ ಹಣೆಬರಹ.

ಇಲ್ಲಿ ಕುಳಿತವರಲ್ಲಿ ಸೈಕಲ್ ತುಳಿಯದವರು ವಿರಳ. 44 ಹಲ್ಲಿನ ಮುಂದಿನ ಚಕ್ರ, 18 ಹಲ್ಲಿನ ಹಿಂದಿನ ಚಕ್ರ ಇರುವ ಸೈಕಲ್ಲಿನಲ್ಲಿ ಒಮ್ಮೆ ಪೆಡಲ್ ತುಳಿದರೆ ಗಾಲಿ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. ಕಾರಿನಲ್ಲಿ ಇದು ತಿರುಗುಮುರುಗು. ಅಲ್ಲಿ ಎಂಜಿನ್ನು ಹಲವು ಸುತ್ತು ತಿರುಗಿದರೆ ಗಾಲಿ ಒಂದು ಸುತ್ತು. ಪಿನಿಯನ್‌ಗೆ 9 ಹಲ್ಲು, ಕ್ರೌನ್‌ಗೆ 34 ಹಲ್ಲು ಇದ್ದರೆ, 34ನ್ನು 9ರಿಂದ ಭಾಗಿಸಿದಾಗ ಬರುವ 3.78 ಅದರ ಅನುಪಾತ. ಟಾಪ್ ಗೇರಿನಲ್ಲಿ ಗಾಲಿಯ ಒಂದು ಸುತ್ತಿಗೆ ಎಂಜಿನ್ನು ಮೂರೂಮುಕ್ಕಾಲು ಸುತ್ತಿಗಿಂತ ತುಸು ಹೆಚ್ಚು ತಿರುಗುತ್ತದೆ. ಈ ಅಂಕಿ ದೊಡ್ಡದಾದಷ್ಟೂ ಎಳೆತ ಹೆಚ್ಚು, ಓಟ ಕಡಿಮೆ. ಗೊಂದಲಕ್ಕೆ ಕಾರಣವಾದ ಒಂದು ರೂಢಿಯಿದೆ: ಅಂಕಿ ದೊಡ್ಡದಿರುವ ಆಕ್ಸಲ್ಲನ್ನು 'ಲೋ' ಎನ್ನುತ್ತಾರೆ, ಚಿಕ್ಕದಿರುವುದನ್ನು 'ಹೈ' ಎನ್ನುತ್ತಾರೆ. ಹೈ ಬೇಕೆಂದು ಬಾಯಲ್ಲಿ ಹೇಳಿ, ದೊಡ್ಡ ಅಂಕಿಯದನ್ನು ತರಿಸಿಕೊಂಡು ಪೇಚಾಡುವುದು ಸುಲಭ. ಹಲ್ಲುಗಳ ಸಂಖ್ಯೆಯನ್ನೇ ಹೇಳುವುದು ಕ್ಷೇಮ.

34ಕ್ಕೆ 9 ಎಂಬ ಈ ವಕ್ರ ಲೆಕ್ಕ ಏಕೆ, 36ಕ್ಕೆ 9 ಇಟ್ಟು ಚೊಕ್ಕವಾಗಿ ನಾಲ್ಕು ಮಾಡಬಾರದಿತ್ತೇ ಎಂದು ಯಾರಿಗಾದರೂ ಅನಿಸಬಹುದು. ಹಾಗೆ ಮಾಡಿದರೆ ಪಿನಿಯನ್ನಿನ ಒಂದೊಂದು ಹಲ್ಲೂ ಕಾಲವೆಲ್ಲ ಕ್ರೌನಿನ ಅದೇ ನಾಲ್ಕು ಹಲ್ಲುಗಳನ್ನು ಮಾತ್ರ ಮುಟ್ಟುತ್ತದೆ. ಒಂದು ಹಲ್ಲಿನಲ್ಲಿ ಸಣ್ಣ ಮುಕ್ಕಿದ್ದರೆ ಆ ನಾಲ್ಕೂ ಕೆಡುತ್ತವೆ. 34 ಮತ್ತು 9ಕ್ಕೆ ಒಂದನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲ. ಹಾಗಾಗಿ ಒಂದು ಹಲ್ಲು ತಾನು ಮುಟ್ಟಿದ ಹಲ್ಲನ್ನು ಮತ್ತೆ ಮುಟ್ಟಬೇಕಾದರೆ ಪಿನಿಯನ್ 34 ಸುತ್ತು ತಿರುಗಬೇಕು. ಅಷ್ಟರಲ್ಲಿ ಅದು ಕ್ರೌನಿನ ಎಲ್ಲ ಹಲ್ಲುಗಳನ್ನೂ ಮಾತನಾಡಿಸಿ ಬಂದಿರುತ್ತದೆ. ಸವೆತ ಎಲ್ಲರಿಗೂ ಸಮನಾಗಿ ಹಂಚಿಹೋಗುತ್ತದೆ. ಪ್ರೌಢಶಾಲೆಯಲ್ಲಿ ಲಸಾಅ-ಮಸಾಅ ಕಲಿತು ಮರೆತವರಿಗೆ ಅದರ ಉಪಯೋಗ ತಿಳಿಯಬೇಕಾದರೆ ಒಂದು ಹಳೆಯ ಆಕ್ಸಲ್ ಬಿಚ್ಚಿ ನೋಡುವುದು ಒಳ್ಳೆಯದು.

34ಕ್ಕೆ 9 ಎಂಬುದು ಫೋರ್ಡ್ ಕಂಪನಿಯ ಮಾಡೆಲ್ ಎ ಕಾರಿನ ಮಾಮೂಲಿ ಅನುಪಾತ. 1927ರ ಕೊನೆಯಿಂದ 1931ರವರೆಗೆ ತಯಾರಾದ ಈ ಕಾರಿಗೆ ನಾಲ್ಕು ಸಿಲಿಂಡರುಗಳ, 3.3 ಲೀಟರಿನ ಎಂಜಿನ್ನು; ನಿಮಿಷಕ್ಕೆ 2200 ಸುತ್ತಿನಲ್ಲಿ 40 ಅಶ್ವಶಕ್ತಿ. ಫೋರ್ಡ್‌ನವರು 1926ರಲ್ಲೇ ಭಾರತದಲ್ಲಿ ಕಂಪನಿ ಸ್ಥಾಪಿಸಿ ಮದ್ರಾಸಿನಲ್ಲೂ ವ್ಯವಹಾರ ಇಟ್ಟುಕೊಂಡಿದ್ದರು. ಬಲಗಡೆ ಸ್ಟೀರಿಂಗ್ ಇರುವ ಕಾರುಗಳು ಕೆನಡಾದಿಂದ ಬರುತ್ತಿದ್ದವು. 1902ರಲ್ಲೇ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ತಂತಿ ಎಳೆಸಿ ವಿದ್ಯುತ್ತು ತರಿಸಿಕೊಂಡಿದ್ದ ಗಣಿಗಳ ಊರಿಗೆ ಮೋಟಾರು ಕಾರು ಅಪರೂಪದ ವಸ್ತುವಾಗಿ ಬಹಳ ಕಾಲ ಉಳಿಯುವಂತಿರಲಿಲ್ಲ. ಅಂಥ ಒಂದು ಮಾಡೆಲ್ ಎ ಊರಿಗಾಂವ್‌ನ ಬಂಗಲೆಯೊಂದರ ಹಿಂದಿನ ಷೆಡ್ಡಿನಲ್ಲಿ ಉಳಿದುಬಂದಿದೆ, ಅದನ್ನು ಓಡಿಸಬೇಕೆಂದು ಇಂದಿನ ಮಾಲೀಕನಿಗೆ ಆಸೆಯಾಗಿದೆ ಎಂದು ಮಾತಿಗೆ ಇಟ್ಟುಕೊಳ್ಳೋಣ. ಬಣ್ಣ, ಸೀಟಿನ ಹೊದಿಕೆ, ದೀಪಗಳು ಇವೆಲ್ಲ ಹಣವಿದ್ದರೆ ಆಗುವ ಕೆಲಸಗಳು. ಅವನು ನಿಜವಾಗಿ ಯೋಚಿಸಬೇಕಾದ್ದು ಯಾರ ಕಣ್ಣಿಗೂ ಬೀಳದ ಆ ಹಲಸಿನಕಾಯಿಯೊಳಗಿನ ಹಲ್ಲುಗಳ ಬಗೆಗೆ.

ಮೊದಲಿಗೆ, ಆ ಕಾಲದವರು 34ಕ್ಕೆ 9 ಎಂದು ಏಕೆ ತೀರ್ಮಾನಿಸಿದರು? ಅವರಿಗೆ ವೇಗ ಬೇಡವಾಗಿತ್ತೆಂದಲ್ಲ. ಅಂದಿನ ಗೇರ್ ಪೆಟ್ಟಿಗೆಯೇ ಒಂದು ಕಾರಣ. ಗೇರುಗಳನ್ನು ಸದ್ದಿಲ್ಲದೆ ಕೂಡಿಸುವ ಸಿಂಕ್ರೋಮೆಷ್ ಎಂಬ ಏರ್ಪಾಡು ಮೊದಲು ಬಂದದ್ದು 1929ರ ಮಾದರಿಯ ಕ್ಯಾಡಿಲಾಕ್ ಕಾರಿನಲ್ಲಿ. ಮಾಡೆಲ್ ಎಗೆ ಅದಿಲ್ಲ. ಗೇರ್ ಇಳಿಸಬೇಕಾದರೆ ಕ್ಲಚ್ ತುಳಿದು ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಅಂದಾಜಿನಿಂದ ಎಂಜಿನ್ನಿನ ವೇಗ ಏರಿಸಿ, ಮತ್ತೆ ಕ್ಲಚ್ ತುಳಿದು ಗೇರ್ ಹಾಕಬೇಕು. ತಪ್ಪಿದರೆ ಇಡೀ ಬೀದಿಗೆ ಕೇಳುವಂತೆ ಹಲ್ಲು ಕಡಿಯುತ್ತದೆ. ಹೀಗಾಗಿ ಒಮ್ಮೆ ಟಾಪ್ ಗೇರಿಗೆ ಬಂದರೆ ಸಾಧ್ಯವಾದಷ್ಟೂ ಅಲ್ಲೇ ಇರುವಂಥ ಕಾರು ಜನರಿಗೆ ಬೇಕಿತ್ತು. 1911ರಲ್ಲಿ ರೋಲ್ಸ್‌ರಾಯ್ಸ್ ಕಂಪನಿ ತನ್ನ ಕಾರನ್ನು ಲಂಡನ್ನಿನಿಂದ ಎಡಿನ್‌ಬರೋವರೆಗೆ ಟಾಪ್ ಗೇರಿನಲ್ಲೇ ಓಡಿಸಿ ಅದನ್ನೇ ದೊಡ್ಡ ಜಾಹೀರಾತು ಮಾಡಿಕೊಂಡಿತು. ಮರುವರ್ಷವೇ ಆಸ್ಟ್ರಿಯಾದ ಆಲ್ಪ್ಸ್ ಸ್ಪರ್ಧೆಯಲ್ಲಿ ಜೇಮ್ಸ್ ರಾಡ್ಲಿ ಎಂಬುವನ ರೋಲ್ಸ್‌ರಾಯ್ಸ್ ಕಾಟ್ಸ್‌ಬರ್ಗ್ ಎಂಬ ಕಡಿದಾದ ಕಣಿವೆದಾರಿಯಲ್ಲಿ ಏರಲಾರದೆ ನಿಂತುಬಿಟ್ಟಿತು. ಎಂಜಿನ್ನಿನಲ್ಲಿ ಶಕ್ತಿಯಿತ್ತು, ಆದರೆ ಮೂರೇ ಗೇರುಗಳಲ್ಲಿ ಅತಿ ಕೆಳಗಿನದೂ ಆ ಏರಿಗೆ ಸಾಲದಾಗಿತ್ತು. 1913ರಲ್ಲಿ ಕಂಪನಿ ನಾಲ್ಕು ಗೇರಿನ ಕಾರುಗಳೊಂದಿಗೆ ಮರಳಿ ಬಂದು ಮಾನ ಉಳಿಸಿಕೊಂಡಿತು. ಜಗತ್ತಿನ ಅತ್ಯುತ್ತಮ ಕಾರು ಎಂದು ಹೆಸರಾಗಿದ್ದರೂ ಹಲ್ಲಿನ ಲೆಕ್ಕ ತಪ್ಪಿದರೆ ಗುಡ್ಡ ರಿಯಾಯಿತಿ ತೋರಿಸುವುದಿಲ್ಲ.

ಇನ್ನೊಂದು ಕಾರಣ ರಸ್ತೆ. ಬಂಗಾರಪೇಟೆಯಿಂದ ರಾಬರ್ಟ್‌ಸನ್‌ಪೇಟೆಗೆ ಹೋಗುವ ದಾರಿಯನ್ನು 1930ರ ಕಣ್ಣಿನಿಂದ ನೋಡಬೇಕು. ಬೆಟ್ಟಗುಡ್ಡಗಳ ದೊಡ್ಡ ಏರಿಳಿತ ಇಲ್ಲ. ಆದರೆ ಜಲ್ಲಿಯ ಮೇಲೆ ಮಣ್ಣು, ಮುಂದೆ ಎತ್ತಿನ ಗಾಡಿಗಳ ಸಾಲು, ನಡುವೆ ಕುರಿಮಂದೆ. ಎತ್ತಿನ ಗಾಡಿಯ ಹಿಂದೆ ತೆವಳುತ್ತ, ಜಾಗ ಸಿಕ್ಕೊಡನೆ ಗೇರ್ ಬದಲಿಸದೆ ಮುಂದೆ ನುಗ್ಗುವುದು ಅಂದಿನ ಚಾಲಕನ ದಿನನಿತ್ಯದ ಕಷ್ಟ. ಮಾಡೆಲ್ ಎ ಕಾರಿನ ಗಾಲಿಯ ಒಂದು ಸುತ್ತನ್ನು ಸುಮಾರು 2.25 ಮೀಟರು ಎಂದು ಹಿಡಿದರೆ, 34ಕ್ಕೆ 9ರ ಆಕ್ಸಲ್‌ನಲ್ಲಿ ಗಂಟೆಗೆ 15 ಕಿಲೋಮೀಟರು ವೇಗಕ್ಕೆ ಎಂಜಿನ್ನು ನಿಮಿಷಕ್ಕೆ 420 ಸುತ್ತು ತಿರುಗುತ್ತದೆ. ಅಷ್ಟರಲ್ಲಿ ಅದು ನಡುಗದೆ ಬದುಕಬಲ್ಲದು. ಬೆಟ್ಟದ ಸೀಮೆಯವರಿಗೆ, ಹೊರೆ ಹೊರುವವರಿಗೆ ಕಂಪನಿಯೇ 37ಕ್ಕೆ 9ರ, ಅಂದರೆ 4.11ರ ಇನ್ನೊಂದು ಜೋಡಿ ಕೊಡುತ್ತಿತ್ತು. ಕಾರಿನ ಹಿಂದಿನ ಹಲ್ಲುಗಳು ಹೀಗೆ ಅದು ಓಡಿದ ರಸ್ತೆಯ ಒಂದು ದಾಖಲೆ. ಹಳೆಯ ಭಾವಚಿತ್ರದಲ್ಲಿ ರಸ್ತೆ ಹೇಗಿತ್ತೆಂದು ಕಾಣಬಹುದು. ಅದರ ಮೇಲೆ ಗಾಡಿ ಎಷ್ಟು ಕಷ್ಟಪಟ್ಟಿತೆಂಬುದು ಈ ಅಂಕಿಯಲ್ಲಿದೆ.

ಈಗ ರಸ್ತೆಯೇ ಬೇರೆಯಾಗಿದೆ. ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ, ಬೇತಮಂಗಲದ ಬದಿಗೆ ಹಾದುಹೋಗುವ ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್‌ವೇಯ ಕರ್ನಾಟಕದ ಭಾಗದಲ್ಲಿ 2024ರ ಕೊನೆಯ ಹೊತ್ತಿಗೆ ವಾಹನಗಳು ಓಡಾಡತೊಡಗಿದವು. ಹಳೆಯ ಮದ್ರಾಸು ರಸ್ತೆಯೂ ಎಂದೋ ನಾಲ್ಕು ಪಥವಾಗಿದೆ. ಅಂಥ ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರಿನಲ್ಲಿ ಹೋಗುವ ಮಾಡೆಲ್ ಎ ಹಿಂದಿನಿಂದ ಬರುವ ಲಾರಿಗಳಿಗೆ ಎತ್ತಿನ ಗಾಡಿಯಂತೆಯೇ ಕಾಣುತ್ತದೆ. ಮಾಲೀಕನ ಕಿವಿಗೆ ಹಾರನ್ ಬಿದ್ದಷ್ಟೂ ಅವನ ಮನಸ್ಸು ಹಿಂದಿನ ಆಕ್ಸಲ್ ಕಡೆಗೆ ಹೋಗುತ್ತದೆ. 39ಕ್ಕೆ 11ರ ಜೋಡಿ ವಿದೇಶದಲ್ಲಿ ಸಿಗುತ್ತದೆ, ಅದು 3.54; 36ಕ್ಕೆ 11ರದೂ ಸಿಗುತ್ತದೆ, ಅದು 3.27. ಹಾಕಿಬಿಟ್ಟರೆ ಆಯಿತಲ್ಲ?

ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದರೆ ಆಸೆ ಅರ್ಧ ಇಳಿಯುತ್ತದೆ. ಎಂಜಿನ್ನು ನಿಮಿಷಕ್ಕೆ 2000 ಸುತ್ತು ತಿರುಗುವಾಗ 34ಕ್ಕೆ 9ರಲ್ಲಿ ಕಾರಿನ ವೇಗ ಗಂಟೆಗೆ ಸುಮಾರು 71 ಕಿಲೋಮೀಟರು. 39ಕ್ಕೆ 11ರಲ್ಲಿ 76. ಅತಿ ಎತ್ತರದ 36ಕ್ಕೆ 11ರಲ್ಲೂ 82 ಚಿಲ್ಲರೆ. ಇಷ್ಟು ಖರ್ಚು, ಇಷ್ಟು ಬಿಚ್ಚಾಟ ಐದು ಅಥವಾ ಹನ್ನೊಂದು ಕಿಲೋಮೀಟರಿಗಾಗಿ. ಲಾರಿಯ ಹಾರನ್ ಇದರಿಂದೇನೂ ನಿಲ್ಲುವುದಿಲ್ಲ.

ಎಂಜಿನ್ನಿಗೆ ಹಗುರವಾಗುತ್ತದೆ ಎಂಬ ಮಾತನ್ನು ಎರಡೂ ಕಡೆಯಿಂದ ನೋಡಬೇಕು. ಮಾಡೆಲ್ ಎ ಎಂಜಿನ್ನಿನ ಕ್ರ್ಯಾಂಕ್ ಷಾಫ್ಟಿಗೆ ತೂಕ ಸರಿದೂಗಿಸುವ ಗುಂಡುಗಳಿಲ್ಲ. ಬೇರಿಂಗುಗಳು ಬ್ಯಾಬಿಟ್ ಎಂಬ ಮೆದು ಮಿಶ್ರಲೋಹವನ್ನು ಕರಗಿಸಿ ಎರೆದವು. ಅವುಗಳಿಗೆ ಎಣ್ಣೆ ಒತ್ತಡದಿಂದ ಹೋಗುವುದಿಲ್ಲ. ಚಿಮ್ಮಿ, ಹರಿದು ಹೋಗುತ್ತದೆ. ಅಂಥ ಎಂಜಿನ್ನನ್ನು ಗಂಟೆಗಟ್ಟಲೆ ಹೆಚ್ಚು ಸುತ್ತಿನಲ್ಲಿ ಓಡಿಸುವುದು ನಿಜಕ್ಕೂ ಕ್ರೌರ್ಯ. ಗಂಟೆಗೆ 80 ಕಿಲೋಮೀಟರಿಗೆ ಅದು ಮೂಲ ಆಕ್ಸಲ್‌ನಲ್ಲಿ ನಿಮಿಷಕ್ಕೆ 2240 ಸುತ್ತು ತಿರುಗಬೇಕು, ಅಂದರೆ ತನ್ನ ಪೂರ್ಣ ಶಕ್ತಿಯ ಗೆರೆಯನ್ನೇ ದಾಟಬೇಕು. 39ಕ್ಕೆ 11ರಲ್ಲಿ ಅದು 2100ಕ್ಕೆ ಇಳಿಯುತ್ತದೆ. ಇದು ಲಾಭ. ಆದರೆ ಅನುಪಾತ ತಗ್ಗಿದಷ್ಟೂ ಗಾಲಿಗೆ ಸಿಗುವ ಎಳೆತವೂ ತಗ್ಗುತ್ತದೆ: ಮೊದಲನೆಯದರಲ್ಲಿ ನೂರಕ್ಕೆ ಆರು, ಎರಡನೆಯದರಲ್ಲಿ ನೂರಕ್ಕೆ ಹದಿಮೂರಕ್ಕಿಂತ ಹೆಚ್ಚು. ಸಣ್ಣ ಏರಿನಲ್ಲೂ ಎಂಜಿನ್ನು ಕಡಿಮೆ ಸುತ್ತಿನಲ್ಲಿ ಏದುಸಿರು ಬಿಡುತ್ತ ಎಳೆಯಬೇಕು. ಹಾಗೆ ಎಳೆಯುವಾಗ ಒಂದೊಂದು ಸಿಡಿತವೂ ಆ ಮೆದು ಬೇರಿಂಗಿನ ಮೇಲೆ ಸುತ್ತಿಗೆಯ ಏಟು. ಹೆಚ್ಚು ಸುತ್ತಿನಿಂದ ಕಾಪಾಡಲು ಹೋಗಿ ಕಡಿಮೆ ಸುತ್ತಿನಿಂದ ಕೊಂದಂತೆ.

ಮಾಡೆಲ್ ಎ ಗೇರ್ ಪೆಟ್ಟಿಗೆಯಲ್ಲಿ ಇರುವುದೂ ಮೂರೇ. ಎರಡನೆಯ ಗೇರಿಗೂ ಟಾಪ್‌ಗೂ ನಡುವೆ ಸುಮಾರು 1.85 ಪಟ್ಟಿನ ದೊಡ್ಡ ಕಂದಕ. ಟಾಪ್‌ನಲ್ಲಿ ಏರಲಾರದೆ ಎರಡನೆಯದಕ್ಕೆ ಇಳಿಸಿದರೆ, ಅದೇ 2000 ಸುತ್ತಿಗೆ ಕಾರು ಗಂಟೆಗೆ 38 ಕಿಲೋಮೀಟರಿಗೆ ಬರುತ್ತದೆ. ನಂದಿಬೆಟ್ಟದ ತಿರುವುಗಳಲ್ಲಿ ಅದು ಹಿತವಾದ ವೇಗವೇ. ಉದ್ದನೆಯ ಹೆದ್ದಾರಿ ಏರಿನಲ್ಲಿ ಹಾಗಲ್ಲ. ಟಾಪ್‌ನಲ್ಲಿ ಸಾಗದು, ಎರಡನೆಯದರಲ್ಲಿ ತೀರದು. ಎತ್ತರದ ಜೋಡಿ ಹಾಕಿದವರು ಈ ಕಂದಕಕ್ಕೆ ಮತ್ತೆ ಮತ್ತೆ ಬೀಳುತ್ತಾರೆ.

ಇವೆಲ್ಲಕ್ಕಿಂತ ದೊಡ್ಡ ಮಾತು ಬ್ರೇಕಿನದು. ಕಾರಿನ ವೇಗ ಹೆಚ್ಚಿಸುವ ಬಗೆಗೆ ಹತ್ತು ಮಂದಿ ಸಲಹೆ ಕೊಡುತ್ತಾರೆ. ನಿಲ್ಲಿಸುವ ಬಗೆಗೆ ಕೇಳುವವರು ಕಡಿಮೆ. ಮಾಡೆಲ್ ಎಗೆ ನಾಲ್ಕು ಗಾಲಿಗಳಿಗೂ ಬ್ರೇಕುಂಟು, ಆದರೆ ಅವು ಸರಳುಗಳ ಮೂಲಕ ಕಾಲಿನ ಬಲದಿಂದಲೇ ಹಿಡಿಯುವಂಥವು. ಗಂಟೆಗೆ 60 ಕಿಲೋಮೀಟರಿನಲ್ಲಿ ಓಡುವ ಕಾರಿಗಿಂತ 80ರಲ್ಲಿ ಓಡುವ ಕಾರಿನಲ್ಲಿ ಬ್ರೇಕು ನುಂಗಬೇಕಾದ ಶಕ್ತಿ ಸುಮಾರು ಒಂದೂಮುಕ್ಕಾಲು ಪಟ್ಟು. ಟೈರು ಕಿರಿದು, ಗಾಡಿ ಎತ್ತರ. ಇಳಿಜಾರಿನಲ್ಲಿ ಎತ್ತರದ ಆಕ್ಸಲ್ ಇನ್ನೊಂದು ಆಸರೆಯನ್ನೂ ಕಸಿಯುತ್ತದೆ. ಮುಳಬಾಗಿಲು, ಪಲಮನೇರು ದಾಟಿ ಮೊಗಿಲಿ ಘಾಟಿಯಲ್ಲಿ ಚಿತ್ತೂರಿನ ಕಡೆಗೆ ಇಳಿಯುವಾಗ ಹಿಂದಿನವರು ಎರಡನೆಯ ಗೇರ್ ಹಾಕಿ ಎಂಜಿನ್ನಿನಿಂದಲೇ ಗಾಡಿಯನ್ನು ಹಿಡಿಯುತ್ತಿದ್ದರು. ಆಕ್ಸಲ್‌ನ ಅಂಕಿ ದೊಡ್ಡದಿದ್ದಷ್ಟೂ ಆ ಹಿಡಿತ ಗಟ್ಟಿ. ಓವರ್‌ಡ್ರೈವ್ ಎಂಬ ಹೆಚ್ಚುವರಿ ಗೇರನ್ನು ಕೂಡಿಸಿಕೊಂಡರೆ ಮೂಲ ಹಲ್ಲುಗಳೂ ಉಳಿಯುತ್ತವೆ, ಬಯಲಿನಲ್ಲಿ ಎಂಜಿನ್ನೂ ತಣ್ಣಗಿರುತ್ತದೆ ಎಂಬ ವಾದವಿದೆ. ಅದರಲ್ಲಿ ಹುರುಳಿದೆ. ಆದರೂ ಕೆಲವು ಬಗೆಯ ಓವರ್‌ಡ್ರೈವ್‌ಗಳು ಇಳಿಜಾರಿನಲ್ಲಿ ಎಂಜಿನ್ನಿನ ಹಿಡಿತ ತಪ್ಪಿಸಿ ಗಾಡಿಯನ್ನು ಸಡಿಲ ಬಿಡುತ್ತವೆಂಬುದನ್ನು ತಿಳಿದುಕೊಂಡೇ ಕೊಳ್ಳಬೇಕು.

ಆದ್ದರಿಂದ ಊರಿಗಾಂವ್‌ನ ಆ ಮಾಲೀಕ ಮೊದಲು ಕೇಳಿಕೊಳ್ಳಬೇಕಾದ್ದು ಕಾರು ಎಷ್ಟು ಓಡಬಲ್ಲದು ಎಂದಲ್ಲ, ಎಲ್ಲಿಗೆ ಹೋಗುತ್ತದೆ ಎಂದು. ಭಾನುವಾರ ಬಂಗಾರಪೇಟೆಗೆ, ಹಬ್ಬಕ್ಕೆ ಕೋಲಾರಕ್ಕೆ, ವರ್ಷಕ್ಕೊಮ್ಮೆ ಹಳೆಯ ಕಾರುಗಳ ಮೆರವಣಿಗೆಗೆಂದು ಸುಮಾರು ನೂರು ಕಿಲೋಮೀಟರು ದೂರದ ಬೆಂಗಳೂರಿಗೆ. ಇಷ್ಟಕ್ಕೆ 34ಕ್ಕೆ 9 ಸಾಕು. ಬದಲಿಸಬೇಕಾದದ್ದು ಹೊರಡುವ ಹೊತ್ತು ಮತ್ತು ಹಿಡಿಯುವ ರಸ್ತೆ. ಕಾರಿನಲ್ಲಿ 37ಕ್ಕೆ 9ರ ಜೋಡಿ ಸಿಕ್ಕರೆ ಮಾತ್ರ 34ಕ್ಕೆ 9ಕ್ಕೆ ಬರುವುದು ಯೋಚಿಸತಕ್ಕ ವಿಷಯ, ಅದೂ ನಂದಿಬೆಟ್ಟ ಅವನ ನಿತ್ಯದ ದಾರಿ ಅಲ್ಲದಿದ್ದರೆ.

ಏನು ಸಿಕ್ಕಿದೆ ಎಂದು ತಿಳಿಯುವುದಾದರೂ ಹೇಗೆ? ತೊಂಬತ್ತು ವರ್ಷದ ಕಾರಿನ ಹೊಟ್ಟೆಯಲ್ಲಿ ಯಾರು ಯಾವಾಗ ಏನು ಹಾಕಿದ್ದಾರೆಂದು ಕಾಗದಪತ್ರ ಹೇಳುವುದಿಲ್ಲ. ಬಿಚ್ಚದೆ ಎಣಿಸುವ ಉಪಾಯವೊಂದಿದೆ. ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂದಿನ ಒಂದು ಗಾಲಿಯನ್ನು ಮಾತ್ರ ಜಾಕಿನಿಂದ ಎತ್ತಬೇಕು. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು, ಟಾಪ್ ಗೇರ್ ಹಾಕಿ, ಗಾಲಿಗೆ ಸೀಮೆಸುಣ್ಣದ ಗುರುತು ಮಾಡಿ, ಒಬ್ಬರು ಮುಂದಿನ ಹ್ಯಾಂಡಲನ್ನು 34 ಸುತ್ತು ತಿರುಗಿಸಬೇಕು, ಇನ್ನೊಬ್ಬರು ಗಾಲಿಯ ಸುತ್ತು ಎಣಿಸಬೇಕು. ಒಂದು ಗಾಲಿ ನೆಲಕ್ಕೆ ಕಚ್ಚಿಕೊಂಡಿರುವುದರಿಂದ ಡಿಫರೆನ್ಷಿಯಲ್ ಅದರ ಪಾಲನ್ನೂ ಎತ್ತಿದ ಗಾಲಿಗೇ ಕೊಡುತ್ತದೆ. ಹೀಗಾಗಿ 9ರ ಬದಲು ಗಾಲಿ ಸರಿಯಾಗಿ 18 ಸುತ್ತು ತಿರುಗಿದರೆ ಒಳಗಿರುವುದು 34ಕ್ಕೆ 9. ಹದಿನಾರೂವರೆಗೆ ನಿಂತರೆ 37ಕ್ಕೆ 9. ಹತ್ತೊಂಬತ್ತು ದಾಟಿದರೆ ಯಾರೋ ಆಗಲೇ 39ಕ್ಕೆ 11 ಹಾಕಿದ್ದಾರೆ. ಒಂದು ಚಹಾ ಕುಡಿಯುವಷ್ಟರಲ್ಲಿ ಮುಗಿಯುವ ಈ ಕೆಲಸವನ್ನು ಬಿಟ್ಟು ಊಹೆಯ ಮೇಲೆ ಸಾಮಾನು ತರಿಸುವುದು ಜಾಣತನವಲ್ಲ.

ಟೈರಿನ ಲೆಕ್ಕವೂ ಇಲ್ಲೇ ಬರುತ್ತದೆ. 1928-29ರ ಮಾಡೆಲ್ ಎಗೆ 21 ಅಂಗುಲದ ರಿಮ್ಮು, 1930-31ರದಕ್ಕೆ 19 ಅಂಗುಲದ್ದು. ಹಳೆಯ ಅಳತೆಯ ಟೈರು ಸಿಗದೆ ಬೇರೆ ಗಾಲಿ ಹಾಕಿದವರು ತಮಗೆ ಗೊತ್ತಿಲ್ಲದೆ ಅನುಪಾತವನ್ನೂ ಬದಲಿಸಿರುತ್ತಾರೆ. ಜೊತೆಗೆ ಸ್ಪೀಡೋಮೀಟರೂ ಸುಳ್ಳು ಹೇಳತೊಡಗುತ್ತದೆ.

ಜೀಪಿನವರಿಗೆ ಒಂದು ಮಾತು ಬೇರೆಯೇ ಹೇಳಬೇಕು. ಎರಡನೆಯ ಮಹಾಯುದ್ಧದ ವಿಲ್ಲೀಸ್ ಎಂಬಿ ಜೀಪಿನ ಆಕ್ಸಲ್ 39ಕ್ಕೆ 8. ಯುದ್ಧ ಮುಗಿದ ಮೇಲೆ ರೈತರನ್ನೂ ನೆನೆದು ಮಾಡಿದ ಸಿಜೆ ಮಾದರಿಗಳದು 43ಕ್ಕೆ 8. ಹೊರಗಿನಿಂದ ನೋಡಿದರೆ ಎರಡೂ ಅಣ್ಣತಮ್ಮಂದಿರಂತಿವೆ, ಬೋಲ್ಟುಗಳೂ ಕೂಡುತ್ತವೆ. ಹಳೆಯ ಜೀಪುಗಳನ್ನು ಹತ್ತು ಜೀಪುಗಳ ಅವಶೇಷದಿಂದ ಕಟ್ಟುವುದು ಈ ದೇಶದಲ್ಲಿ ವಾಡಿಕೆ. ಮುಂದೆ ಒಂದರ ಆಕ್ಸಲ್, ಹಿಂದೆ ಇನ್ನೊಂದರದು ಬಂದುಬಿಟ್ಟರೆ, ಹಿಂದಿನ ಗಾಲಿಗಳಷ್ಟೇ ಎಳೆಯುವವರೆಗೆ ಏನೂ ತಿಳಿಯದು. ನಾಲ್ಕೂ ಗಾಲಿಗಳಿಗೆ ಶಕ್ತಿ ಕೊಟ್ಟ ಕ್ಷಣ ಮುಂದಿನವು ಒಂದು ವೇಗ ಬೇಡುತ್ತವೆ, ಹಿಂದಿನವು ಇನ್ನೊಂದು. ಕೆಸರಿನಲ್ಲಾದರೆ ಗಾಲಿ ಜಾರಿ ಹೊಂದಿಕೊಳ್ಳುತ್ತದೆ. ಗಟ್ಟಿ ರಸ್ತೆಯಲ್ಲಿ ನಡುವಿನ ಗೇರುಗಳು ಬಿಗಿದು ಮುರಿಯುತ್ತವೆ. ಎರಡೂ ಆಕ್ಸಲ್ಲುಗಳನ್ನು ಎಣಿಸದೆ ಜೀಪು ಕಟ್ಟಬಾರದು.

ಬದಲಿಸಲೇಬೇಕಾದಾಗ ಕೆಲಸ ಯಾರ ಕೈಗೆ ಹೋಗುತ್ತದೆ ಎಂಬುದು ಮುಖ್ಯ. ಕ್ರೌನ್ ಮತ್ತು ಪಿನಿಯನ್ನನ್ನು ಕಾರ್ಖಾನೆಯಲ್ಲಿ ಒಟ್ಟಿಗೆ ಉಜ್ಜಿ ಹೊಂದಿಸಿರುತ್ತಾರೆ. ಒಂದು ಹೋದರೆ ಇನ್ನೊಂದನ್ನೂ ತೆಗೆಯಬೇಕು. ಕೂಡಿಸುವಾಗ ಹಲ್ಲುಗಳಿಗೆ ಸಿಂಧೂರವನ್ನು ಎಣ್ಣೆಯಲ್ಲಿ ಕಲಸಿ ಹಚ್ಚಿ, ಕೈಯಿಂದ ತಿರುಗಿಸಿ, ಬಣ್ಣ ಎಲ್ಲಿ ಅಳಿಸಿದೆ ನೋಡುತ್ತಾರೆ. ಹಲ್ಲಿನ ಒಂದು ತುದಿಗೆ ಹಿಮ್ಮಡಿ, ಇನ್ನೊಂದಕ್ಕೆ ಹೆಬ್ಬೆರಳು ಎಂದು ಹೆಸರು. ಗುರುತು ನಡುವೆ ಬೀಳುವವರೆಗೆ ತೆಳ್ಳನೆಯ ಷಿಮ್ಮುಗಳನ್ನು ಹಾಕಿ ತೆಗೆದು ಮಾಡುತ್ತಾರೆ. ಅವಸರಪಟ್ಟವರ ಕಾರು ದಾರಿಯುದ್ದಕ್ಕೂ ಗುಂಯ್‌ಗುಡುತ್ತ ಅವರ ಅವಸರವನ್ನು ಸಾರುತ್ತದೆ.

ಹಲ್ಲುಗಳ ಈ ವಿದ್ಯೆ ಗಣಿಯ ಊರಿಗೆ ಹೊಸದಲ್ಲ. 1964ರಲ್ಲಿ ಸ್ಥಾಪನೆಯಾದ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆಯ ಕೆಜಿಎಫ್ ಕಾರ್ಖಾನೆಯಲ್ಲಿ ಬುಲ್ಡೋಜರುಗಳೂ ಅವುಗಳಿಗೆ ಬೇಕಾದ ಗೇರುಗಳೂ ತಯಾರಾಗುತ್ತ ಬಂದಿವೆ. ಬುಲ್ಡೋಜರಿನಲ್ಲಿ ಓಟದ ಮಾತೇ ಇಲ್ಲ. ಎಂಜಿನ್ನಿನ ಸುತ್ತನ್ನು ಗೇರ್ ಪೆಟ್ಟಿಗೆಯಲ್ಲಿ ತಗ್ಗಿಸಿ, ಮತ್ತೆ ತಗ್ಗಿಸಿ, ಕೊನೆಗೆ ಪಟ್ಟಿಯ ಬಳಿ ಇನ್ನೊಮ್ಮೆ ತಗ್ಗಿಸಿ, ಎಲ್ಲವನ್ನೂ ಎಳೆತವಾಗಿಸುತ್ತಾರೆ. ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. ಗಣಿಯ ವರ್ಕ್‌ಷಾಪುಗಳಲ್ಲಿ ಬೆಳೆದ ಫಿಟ್ಟರು, ಟರ್ನರುಗಳ ಕೈಗಾರಿಕೆ ಅದರೊಡನೆ ಬಹುಪಾಲು ಚದುರಿತು. ಸಿಂಧೂರ ಹಚ್ಚಿ ಗುರುತು ಓದಬಲ್ಲ ಕಣ್ಣು ಒಂದು ಊರಿನಿಂದ ಹೋದರೆ ಅದನ್ನು ಪಾರ್ಸೆಲ್ಲಿನಲ್ಲಿ ತರಿಸಿಕೊಳ್ಳಲು ಬರುವುದಿಲ್ಲ. ಹೊಸ ಜೋಡಿಯನ್ನು ತರಿಸಬಹುದು.

ಕಾನೂನಿನ ಒಂದು ಅಂಶವೂ ಉಂಟು. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ಸ್ವರೂಪದಲ್ಲೇ ಉಳಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಂಬರಿನ ನಡುವೆ 'ವಿಎ' ಎಂಬ ಅಕ್ಷರಗಳು ಬರುತ್ತವೆ. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಇರಕೂಡದು ಎನ್ನುತ್ತದೆ ನಿಯಮ. ಆಕ್ಸಲ್‌ನ ಹಲ್ಲುಗಳನ್ನು ಅದು ಹೆಸರಿಸುವುದಿಲ್ಲ, ತಪಾಸಣೆಗೆ ಬಂದವರು ಹ್ಯಾಂಡಲ್ ತಿರುಗಿಸಿ ಎಣಿಸುವುದೂ ಇಲ್ಲ. ಮೂಲ ಉಳಿಸುವುದು, ಬಿಡುವುದು ಮಾಲೀಕನಿಗೇ ಬಿಟ್ಟದ್ದು.

ಬದಲಿಸಿದವರು ಕನಿಷ್ಠ ಇಷ್ಟು ಮಾಡಬಹುದು. ಬಿಚ್ಚಿದ ಹಳೆಯ ಜೋಡಿಯನ್ನು ಗುಜರಿಗೆ ಹಾಕದೆ, ಗ್ರೀಸು ಬಳಿದು, ಮೇಣದ ಕಾಗದದಲ್ಲಿ ಸುತ್ತಿ, ಎರಡನ್ನೂ ಒಂದೇ ತಂತಿಯಲ್ಲಿ ಕಟ್ಟಿಡಬೇಕು. ಹಲ್ಲುಗಳ ಸಂಖ್ಯೆ, ತೆಗೆದ ದಿನ, ತೆಗೆಯುವಾಗ ಇದ್ದ ಷಿಮ್ಮುಗಳ ದಪ್ಪ, ಇಷ್ಟನ್ನು ಒಂದು ತಗಡಿನ ಚೂರಿನ ಮೇಲೆ ಕೊರೆದು ಅದಕ್ಕೆ ತೂಗುಹಾಕಬೇಕು. ಕಾಗದವಾದರೆ ಎಣ್ಣೆ ಕುಡಿದು ಅಳಿಸಿಹೋಗುತ್ತದೆ.